ಬಿಡುಗಡೆ ಕಾಗದದ ಮೇಲಿನ ಒಂದು ಶಬ್ದ

(ಸಂಘದ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣ. ಸ್ಮರಣ ಸಂಚಿಕೆಗಾಗಿ ಅಲ್ಲಲ್ಲಿ ತಿದ್ದಿ ಬರೆದದ್ದು.)



ಅಕ್ಕಲಕೋಟ, ಜತ್ತ ಕಡೆಯ ಯಾವ ಹಳ್ಳಿಗೆ ಹೋದರೂ ನಸುಕಿನಲ್ಲಿ ನಮ್ಮ ಹುಡುಗರು ಡಾಂಬರು ರಸ್ತೆ ಮೇಲೆ ಓಡುತ್ತಿರುತ್ತಾರೆ. ಭರತಿ ಆಗಬೇಕು, ಪಲ್ಟನ್ ಸೇರಬೇಕು. ಒಳ್ಳೇದೇ. ಸುಭೇದಾರ ರಾಮಜಿ ಸಕ್ಪಾಳರ ಮಗನನ್ನು ನಾವು ಬಾಬಾಸಾಹೇಬ ಅಂತ ಕರೀತೀವಿ. ಜನವರಿ 1ಕ್ಕೆ ಭೀಮಾ ಕೋರೆಗಾಂವಕ್ಕೆ ಗಾಡಿ ಮಾಡಿಕೊಂಡು ಹೋಗ್ತೀವಿ. ಸೈನ್ಯಕ್ಕೆ ಸೇರುವ ಮಾತು ನಮ್ಮಲ್ಲಿ ಬಹಳ. ಸೈನ್ಯದಿಂದ ಹೊರಗೆ ಬರುವ ಮಾತು ಮಾತ್ರ ಯಾರೂ ಆಡುವುದಿಲ್ಲ. ಹೊರಗೆ ಬರುವಾಗ ಕೈಗೆ ಒಂದು ಕಾಗದ ಕೊಡ್ತಾರ. ಅದರ ಮೇಲೆ ನಡತೆ ಹೇಗಿತ್ತು ಅಂತ ಒಂದೆರಡು ಶಬ್ದ ಇರ್ತಾವ. ಪಿಂಚಣಿ, ಮುಂದಿನ ನೌಕರಿ, ಊರಲ್ಲಿ ಮರ್ಯಾದೆ, ಎಲ್ಲಾ ಆ ಶಬ್ದಕ್ಕೆ ಕಟ್ಟಿ ಬಿದ್ದಿರ್ತಾವ. ಆ ಶಬ್ದ ತಪ್ಪಾಗಿ ಬಿದ್ದರೆ ಅದನ್ನು ತಿದ್ದಿಸಲು ಬರುತ್ತದೆಯೇ? ಇವತ್ತು ನಾನು ಆಡುವುದು ಅದರ ಬಗ್ಗೆ.

ಇದಕ್ಕಾಗಿ ನಿಮ್ಮನ್ನು ಸ್ವಲ್ಪ ದೂರ, ಅಮೆರಿಕಾಕ್ಕೆ ಕರೆದುಕೊಂಡು ಹೋಗಬೇಕು. ಈ ಪ್ರಶ್ನೆಯನ್ನು ಅಲ್ಲಿನ ಕಪ್ಪು ಸೈನಿಕರಷ್ಟು ದೀರ್ಘಕಾಲ ಹೊತ್ತವರು ಕಡಿಮೆ. ಅವರ ಕತೆ ಕೇಳಿದರೆ ನಮ್ಮದು ತಾನಾಗಿ ನೆನಪಾಗುತ್ತದೆ.

1906ರ ಜುಲೈ ಕೊನೆಗೆ 25ನೇ ಇನ್‌ಫೆಂಟ್ರಿಯ ಮೂರು ಕಂಪನಿಗಳು ನೆಬ್ರಾಸ್ಕಾದಿಂದ ಟೆಕ್ಸಾಸ್‌ನ ಬ್ರೌನ್ಸ್‌ವಿಲ್ ಊರಿಗೆ ಬಂದವು. ಮೆಕ್ಸಿಕೋದ ಗಡಿಗೆ ಹತ್ತಿದ ಊರು. ಸಿಪಾಯಿಗಳೆಲ್ಲ ಕಪ್ಪು ಜನ, ಅಧಿಕಾರಿಗಳೆಲ್ಲ ಬಿಳಿಯರು. ಊರಿನ ಮಂದಿಗೆ ಇವರು ಬಂದದ್ದೇ ಬೇಡವಾಗಿತ್ತು. ಸಮವಸ್ತ್ರ ಹಾಕಿಕೊಂಡವನಿಗೂ ಶರಾಬು ಅಂಗಡಿಯಲ್ಲಿ ಬಿಳಿಯರ ಜೊತೆ ನಿಲ್ಲಲು ಬಿಡುತ್ತಿರಲಿಲ್ಲ. ಒಬ್ಬ ಸಿಪಾಯಿಯನ್ನು ಕಸ್ಟಮ್ಸ್‌ನವನೊಬ್ಬ ದಾರಿಯಲ್ಲೇ ಪಿಸ್ತೂಲಿನಿಂದ ಹೊಡೆದು ಕೆಡವಿದ. ನಮ್ಮ ಹಿರಿಯರು ಚಹಾದಂಗಡಿಯ ಹೊರಗೆ ಬೇರೆ ಇಟ್ಟ ಕಪ್ಪಿನಲ್ಲಿ ಚಹಾ ಕುಡಿದವರು. ಹಾಗಾಗಿ ನಿಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಆಗಸ್ಟ್ 13ರ ಮಧ್ಯರಾತ್ರಿ ಊರಲ್ಲಿ ಗುಂಡು ಹಾರಿದವು. ಒಬ್ಬ ಬಾರ್ ನೌಕರ ಸತ್ತ, ಒಬ್ಬ ಪೊಲೀಸ್ ಅಧಿಕಾರಿ ಗಾಯಗೊಂಡು ಕೈ ಕಳೆದುಕೊಂಡ. ಸೈನಿಕರೇ ಹೊಡೆದರು ಅಂತ ಊರವರು ಹೇಳಿದರು, ಬೀದಿಯಲ್ಲಿ ಸಿಕ್ಕ ಸೈನ್ಯದ ಖಾಲಿ ತೋಟಾಗಳನ್ನು ತಂದು ತೋರಿಸಿದರು. ಆದರೆ ಆ ರಾತ್ರಿ ಹಾಜರಿ ತೆಗೆದ ಬಿಳಿಯ ಅಧಿಕಾರಿಗಳು ತಮ್ಮ ಜನ ಬರಾಕಿನಲ್ಲೇ ಇದ್ದರು ಅಂದಿದ್ದರು. ಟೆಕ್ಸಾಸ್‌ನ ಗ್ರ್ಯಾಂಡ್ ಜ್ಯೂರಿಗೂ ಒಬ್ಬನ ಮೇಲೂ ಆರೋಪ ಹೊರಿಸಲು ಆಗಲಿಲ್ಲ. ನೆಬ್ರಾಸ್ಕಾದಲ್ಲಿ ಗುರಿ ಅಭ್ಯಾಸಕ್ಕೆ ಹಾರಿಸಿದ ಖಾಲಿ ತೋಟಾಗಳೇ ಸಾಮಾನಿನ ಜೊತೆ ಈ ಊರಿಗೆ ಬಂದಿದ್ದವು ಅಂತ ಓಹಾಯೋದ ಸೆನೆಟರ್ ಜೋಸೆಫ್ ಫೋರೇಕರ್ ಮುಂದೆ ವಾದಿಸಿದರು.

ಆಮೇಲೆ ನಡೆದದ್ದನ್ನು ಲಕ್ಷ್ಯ ಕೊಟ್ಟು ಓದ್ರಿ. ಸೈನ್ಯದ ತನಿಖಾಧಿಕಾರಿ ಸಿಪಾಯಿಗಳನ್ನು ಒಬ್ಬೊಬ್ಬರನ್ನಾಗಿ ಕೇಳಿದ: ಯಾರು ಮಾಡಿದರು, ಹೇಳ್ರಿ. ತಮಗೆ ಗೊತ್ತಿಲ್ಲ ಅಂದರು. ಗೊತ್ತಿಲ್ಲದವನು ಏನು ಹೇಳಿಯಾನು? ಅವರ ಮೌನವೇ ಪಿತೂರಿ ಅಂತ ಬರೆದು, ಎಲ್ಲರನ್ನೂ ತೆಗೆದುಹಾಕಿ ಅಂತ ಆತ ಶಿಫಾರಸು ಮಾಡಿದ. ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟ್ ಸಹಿ ಹಾಕಿದರು. ಇದೇ ರೂಸ್‌ವೆಲ್ಟ್ 1901ರಲ್ಲಿ ಬುಕರ್ ಟಿ. ವಾಷಿಂಗ್ಟನ್ ಅವರನ್ನು ಶ್ವೇತಭವನಕ್ಕೆ ಊಟಕ್ಕೆ ಕರೆದು ಹೆಸರು ಮಾಡಿದವರು. ಈ ಸಲ ವಾಷಿಂಗ್ಟನ್ ಬೇಡಿಕೊಂಡರೂ ಕೇಳಲಿಲ್ಲ. ನವೆಂಬರ್ ಚುನಾವಣೆ ಮುಗಿಯುವ ತನಕ ಆದೇಶವನ್ನು ಹೊರಗೆ ಬಿಡಲಿಲ್ಲ. ಕಪ್ಪು ಜನರ ಮತ ಕೈ ಬಿಟ್ಟು ಹೋದೀತು ಅಂತ. ಈ ಜಾಣತನ ನಮಗೆ ಹೊಸದಲ್ಲ ಬಿಡ್ರಿ.

167 ಜನ. ಕೋರ್ಟ್ ಮಾರ್ಷಲ್ ಇಲ್ಲ, ವಕೀಲರಿಲ್ಲ, ಸಾಕ್ಷಿಯನ್ನು ಪ್ರಶ್ನಿಸುವ ಅವಕಾಶ ಇಲ್ಲ. ‘ಗೌರವವಿಲ್ಲದ ಬಿಡುಗಡೆ’ ಅಂತ ಬರೆದು ಕಳಿಸಿದರು. ಇನ್ನೆಂದೂ ಸೈನ್ಯಕ್ಕಿಲ್ಲ, ಸರ್ಕಾರಿ ನೌಕರಿಯೂ ಇಲ್ಲ. ಅವರಲ್ಲಿ ಮಿಂಗೋ ಸ್ಯಾಂಡರ್ಸ್ ಅಂತ ಒಬ್ಬ ಸಾರ್ಜೆಂಟ್ ಇದ್ದ. 26 ವರ್ಷ ಸೇವೆ ಮಾಡಿದವ, ಕ್ಯೂಬಾದಲ್ಲಿ ಯುದ್ಧ ಮಾಡಿದವ. ಅಲ್ಲಿ ರೂಸ್‌ವೆಲ್ಟರ ದಳದವರಿಗೆ ತನ್ನವರ ಪಾಲಿನ ಒಣ ರೊಟ್ಟಿ ಹಂಚಿಕೊಟ್ಟವ. ಪಿಂಚಣಿಗೆ ಎರಡು ವರ್ಷವೂ ಉಳಿದಿರಲಿಲ್ಲ. ಮರಳಿ ಸೇರಿಸಿಕೊಳ್ಳಿ ಅಂತ ಅರ್ಜಿ ಕೊಟ್ಟ. ಆಗಲಿಲ್ಲ.

ಹೋರಾಡಿದವರು ಇರಲಿಲ್ಲ ಅಂತಲ್ಲ. ಮೇರಿ ಚರ್ಚ್ ಟೆರೆಲ್ ಎಂಬ ಕಪ್ಪು ಹೆಣ್ಣುಮಗಳು ಯುದ್ಧ ಮಂತ್ರಿ ಟ್ಯಾಫ್ಟರ ಕಚೇರಿಗೇ ಹೋಗಿ ಕುಳಿತರು, ಆದೇಶ ಕೆಲವು ತಾಸು ನಿಂತಿತು. ಫೋರೇಕರ್ ಸೆನೆಟ್‌ನಲ್ಲಿ ವಿಚಾರಣೆ ಮಾಡಿಸಿದರು, ಸಮಿತಿಯ ಬಹುಮತ ಅಧ್ಯಕ್ಷರ ಕಡೆಗೇ ಹೋಯಿತು. ಆಮೇಲೆ ಸೈನ್ಯದ ಒಂದು ವಿಚಾರಣಾ ಮಂಡಳಿ ಕೂತು 1910ರಲ್ಲಿ 14 ಜನರು ಮರಳಿ ಸೇರಬಹುದು ಅಂದಿತು. ಆ 14 ಜನರೇ ಏಕೆ, ಉಳಿದವರು ಏಕೆ ಅಲ್ಲ ಅಂತ ಕಾರಣ ಕೊಡಲಿಲ್ಲ. ನನಗೆ ಎಲ್ಲಕ್ಕಿಂತ ಹೆಚ್ಚು ಸಿಟ್ಟು ಬರುವುದು ಇಲ್ಲೇ. ಕೆಲವರಿಗೆ ಕೊಟ್ಟು ಉಳಿದವರ ಬಾಯಿ ಮುಚ್ಚಿಸುವುದು, ಕಾರಣ ಮಾತ್ರ ಬರೆಯದೇ ಇರುವುದು.

ಮುಂದೆ ಅರವತ್ತು ವರ್ಷ ಏನೂ ಇಲ್ಲ. 1970ರಲ್ಲಿ ಜಾನ್ ವೀವರ್ ಎಂಬ ಬರಹಗಾರ ಹಳೆಯ ದಾಖಲೆಗಳನ್ನು ಓದಿ ಪುಸ್ತಕ ಬರೆದರು. ಅದನ್ನು ಓದಿದ ಕಪ್ಪು ಸಂಸದ ಆಗಸ್ಟಸ್ ಹಾಕಿನ್ಸ್ ಮಸೂದೆ ತಂದರು. 1972ರ ಸೆಪ್ಟೆಂಬರ್‌ನಲ್ಲಿ ಸೈನ್ಯ ತಾನೇ ಆ ಆದೇಶ ತಿದ್ದಿ ‘ಗೌರವಪೂರ್ವಕ ಬಿಡುಗಡೆ’ ಅಂತ ಬರೆಯಿತು. ಹಿಂದಿನ ಸಂಬಳ ಇಲ್ಲ. ಅಷ್ಟರಲ್ಲಿ ಹೆಚ್ಚುಕಡಿಮೆ ಎಲ್ಲರೂ ಸತ್ತಿದ್ದರು. ಮಿನಿಯಾಪೊಲಿಸ್‌ನಲ್ಲಿ ಡಾರ್ಸಿ ವಿಲ್ಲಿಸ್ ಬದುಕಿದ್ದರು. ಕ್ಷೌರದಂಗಡಿಯಲ್ಲಿ ಕಸ ಹೊಡೆದು, ಬೂಟು ಒರೆಸಿ 59 ವರ್ಷ ಕಳೆದವರು. 1973ರ ಫೆಬ್ರುವರಿ 11ರಂದು, ಅವರ 87ನೇ ಹುಟ್ಟುಹಬ್ಬದ ದಿನ, ಅವರ ಕೈಗೆ ಹೊಸ ಕಾಗದ ಕೊಟ್ಟರು. ಆಮೇಲೆ ಕಾಂಗ್ರೆಸ್ 25,000 ಡಾಲರ್ ಕೊಡಲು ಒಪ್ಪಿತು. 1977ರಲ್ಲಿ ತೀರಿಹೋದರು.

ಇದು ಒಂದೇ ಸಲ ಆದದ್ದಲ್ಲ. ಎರಡನೇ ಮಹಾಯುದ್ಧದಲ್ಲಿ ನೀಲಿ ಬಣ್ಣದ ಬಿಡುಗಡೆ ಕಾಗದ ಅಂತ ಒಂದಿತ್ತು. ಗೌರವದ್ದೂ ಅಲ್ಲ, ಅಗೌರವದ್ದೂ ಅಲ್ಲ ಅಂತ ಹೆಸರಿಗೆ. 1941ರ ಡಿಸೆಂಬರ್‌ನಿಂದ 1945ರ ಜೂನ್ ತನಕ ಸೈನ್ಯ ಇಂಥ 48,603 ಕಾಗದ ಕೊಟ್ಟಿತು. ಅದರಲ್ಲಿ 10,806 ಕಪ್ಪು ಸೈನಿಕರಿಗೆ, ಅಂದರೆ ನೂರಕ್ಕೆ 22. ಆಗ ಸೈನ್ಯದಲ್ಲಿ ಅವರಿದ್ದದ್ದು ನೂರಕ್ಕೆ ಆರೂವರೆ. ನೀಲಿ ಕಾಗದದವನಿಗೆ ಓದಿನ ಸಹಾಯ, ಮನೆ ಸಾಲ ಯಾವುದೂ ಸಿಗದಂತೆ ಕಚೇರಿಯವರು ತಡೆದರು. ‘ಪಿಟ್ಸ್‌ಬರ್ಗ್ ಕೂರಿಯರ್’ ಎಂಬ ಕಪ್ಪು ಜನರ ಪತ್ರಿಕೆ ಇದರ ವಿರುದ್ಧ ಬರೆಯಿತು. 1947ರಲ್ಲಿ ಆ ನೀಲಿ ಕಾಗದ ನಿಂತಿತು.

1944ರ ಕಾಯಿದೆಯಲ್ಲೇ ಬಿಡುಗಡೆಯನ್ನು ಮರುಪರಿಶೀಲಿಸುವ ಮಂಡಳಿಗಳ ವ್ಯವಸ್ಥೆ ಬಂತು. ಅದು ಇವತ್ತಿಗೂ ನಡೆದಿದೆ. ಬಿಡುಗಡೆಯಾದ 15 ವರ್ಷದೊಳಗೆ ಅರ್ಜಿ ಹಾಕಬೇಕು. ಸೈನಿಕ ಸತ್ತಿದ್ದರೆ ಹೆಂಡತಿಯೋ ಹತ್ತಿರದ ಸಂಬಂಧಿಯೋ ಹಾಕಬಹುದು. ಮಂಡಳಿ ನೋಡುವುದು ಎರಡು. ಬಿಡುಗಡೆ ಮಾಡುವಾಗ ನಿಯಮ ಪಾಲಿಸಿದ್ದರೇ? ಪಾಲಿಸಿದ್ದರೂ ಆ ಶಿಕ್ಷೆ ಆ ಮನುಷ್ಯನ ಪೂರ್ತಿ ಸೇವೆಗೆ ನ್ಯಾಯವಾಗಿತ್ತೇ? ಒಂದು ತಪ್ಪಿಗೆ ಹತ್ತು ವರ್ಷದ ಒಳ್ಳೆಯ ಕೆಲಸ ಅಳಿಸಿ ಹೋಗಬೇಕೇ ಅಂತ. ಈ ಎರಡನೇ ಪ್ರಶ್ನೆ ನನಗೆ ಬಹಳ ಮುಖ್ಯ ಅನಿಸುತ್ತದೆ. 2014ರಲ್ಲಿ ರಕ್ಷಣಾ ಮಂತ್ರಿ ಚಕ್ ಹೇಗಲ್ ಇನ್ನೊಂದು ಸೂಚನೆ ಕೊಟ್ಟರು. ವಿಯೆಟ್ನಾಂ ಯುದ್ಧದಿಂದ ಮನಸ್ಸು ಕೆಟ್ಟು ಬಂದವರು ಕುಡಿದರು, ಹೇಳದೆ ಹೋದರು ಅಂತ ಹೊರಗೆ ಹಾಕಿದ್ದರಲ್ಲ, ಆ ಬೇನೆಗೆ ವೈದ್ಯಕೀಯದಲ್ಲಿ ಹೆಸರು ಸಿಕ್ಕದ್ದೇ 1980ರಲ್ಲಿ. ಆದ್ದರಿಂದ ಅವರ ಅರ್ಜಿಗಳನ್ನು ಆ ಬೇನೆಯನ್ನು ಲೆಕ್ಕಕ್ಕೆ ಹಿಡಿದು ನೋಡಿ ಅಂತ.

ಆದರೂ ಒಂದು ಗಂಟು ಇದೆ. ಸರ್ಕಾರ ಸರಿಯಾಗಿಯೇ ಮಾಡಿದೆ ಅಂತ ನಂಬಿಕೊಂಡು ಮಂಡಳಿ ಶುರು ಮಾಡುತ್ತದೆ. ಅಲ್ಲ ಅಂತ ತೋರಿಸುವ ಹೊಣೆ ಅರ್ಜಿದಾರನ ಮೇಲೆ. ಕಾಗದ ಯಾರ ಹತ್ತಿರ ಇಲ್ಲವೋ, ಬರೆಯಲು ಯಾರಿಗೆ ಬರುವುದಿಲ್ಲವೋ, ವಕೀಲನ ಫೀ ಯಾರಿಗೆ ಆಗುವುದಿಲ್ಲವೋ ಅವರು ಅಲ್ಲೇ ಸೋಲುತ್ತಾರೆ.

ಈಗ ನಮ್ಮ ಕಡೆ ಬರೋಣ. 1890ರ ದಶಕದ ಆರಂಭದಲ್ಲಿ ಇಂಗ್ಲಿಷ್ ಸರ್ಕಾರ ಮಹಾರರ ಭರತಿ ನಿಲ್ಲಿಸಿತು. ಯುದ್ಧಕ್ಕೆ ಹುಟ್ಟಿದ ಜಾತಿಗಳು ಬೇರೆ ಇವೆ ಅಂತ ಅವರ ಶಾಸ್ತ್ರ. ಬ್ರೌನ್ಸ್‌ವಿಲ್‌ನಲ್ಲಿ 167 ಜನರಿಗೆ ಮಾಡಿದ್ದನ್ನು ಇಲ್ಲಿ ಒಂದು ಇಡೀ ಸಮಾಜಕ್ಕೆ ಮಾಡಿದರು ಅಂತ ನಾನು ಅಂತೀನಿ. ಅದರ ವಿರುದ್ಧ 1894ರಲ್ಲಿ ನಿವೃತ್ತ ಹವಾಲ್ದಾರ ಗೋಪಾಳಬಾಬಾ ವಲಂಗಕರ ಅರ್ಜಿ ಬರೆದರು. 1910ರಲ್ಲಿ ಶಿವರಾಮ ಜಾನಬಾ ಕಾಂಬಳೆ ಲಂಡನ್ನಿನ ಮಂತ್ರಿಗೇ ಬರೆದರು. ಜನ ಬೇಕಾದಾಗ 1917ರಲ್ಲಿ 111ನೇ ಮಹಾರ್ ಪಲ್ಟನ್ ಕಟ್ಟಿದರು, 1921ಕ್ಕೆ ಮುಚ್ಚಿದರು. ಬಾಬಾಸಾಹೇಬರ ಒತ್ತಾಯ ಇದ್ದೇ ಇತ್ತು. 1941ರ ಅಕ್ಟೋಬರ್‌ನಲ್ಲಿ ಮಹಾರ್ ರೆಜಿಮೆಂಟಿನ ಮೊದಲ ಬಟಾಲಿಯನ್ ಎದ್ದು ನಿಂತದ್ದು ನಮ್ಮ ಬೆಳಗಾವಿಯಲ್ಲಿ. ಬಾಬಾಸಾಹೇಬರಿಗೆ ಅಮೆರಿಕಾದ ಕಪ್ಪು ಜನರ ಅರ್ಜಿಗಳ ಮೇಲೂ ಕಣ್ಣಿತ್ತು. ಅವರು ವಿಶ್ವಸಂಸ್ಥೆಗೆ ಕೊಟ್ಟ ಮನವಿಯ ಪ್ರತಿ ಕೇಳಿ 1946ರಲ್ಲಿ ಡಬ್ಲ್ಯು. ಇ. ಬಿ. ಡುಬೋಯಿಸ್ ಅವರಿಗೆ ಕಾಗದ ಬರೆದಿದ್ದರು.

ಇವತ್ತಿನ ನಮ್ಮ ಹುಡುಗರಿಗೆ ಇರುವ ದಾರಿ ಯಾವುದು? ಸಶಸ್ತ್ರ ಪಡೆಗಳ ನ್ಯಾಯಮಂಡಳಿ. 2007ರ ಕಾಯಿದೆಯಿಂದ ಬಂದದ್ದು. ಮುಂಬಯಿಯಲ್ಲಿ ಅದರ ಪೀಠ ಇದೆ. ಮೊದಲು ಇಲಾಖೆಗೇ ಅರ್ಜಿ ಕೊಡಬೇಕು. ಅದರ ಕೊನೆಯ ಆದೇಶ ಬಂದ ಆರು ತಿಂಗಳೊಳಗೆ ನ್ಯಾಯಮಂಡಳಿಗೆ ಹೋಗಬೇಕು. ತಡವಾದರೆ ಕಾರಣ ತೋರಿಸಿ ಕ್ಷಮೆ ಕೇಳಬೇಕಾಗುತ್ತದೆ, ಅದು ಸಿಕ್ಕೇ ಸಿಗುತ್ತದೆ ಅಂತ ಹೇಳಲು ಬರುವುದಿಲ್ಲ. ‘ಹೋಗಲಿ ಬಿಡು, ಹಣೆಬರಹ’ ಅಂತ ಮನೆಯಲ್ಲಿ ಕೂತರೆ ಈ ಆರು ತಿಂಗಳು ಹಾಗೇ ಹೋಗಿಬಿಡ್ತಾವ.

ಕೆಂಪು ಮಸಿಯ ನಮೂದು ಅಂತೀರಲ್ಲ, ರೆಡ್ ಇಂಕ್ ಎಂಟ್ರಿ, ನಾಲ್ಕು ಬಿದ್ದರೆ ಮನೆಗೇ ಅಂತ ಪಲ್ಟನಿನಲ್ಲಿ ಮಾತಿದೆ. 2015ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಬೇರೆ. ನಾಲ್ಕು ಬಿದ್ದ ಮಾತ್ರಕ್ಕೆ ತೆಗೆಯಲು ಬರುವುದಿಲ್ಲ. ವಿಚಾರಣೆ ಮಾಡಬೇಕು, ಸೈನಿಕನ ಮಾತು ಕೇಳಬೇಕು, ಎಷ್ಟು ವರ್ಷ ದುಡಿದಿದ್ದಾನೆ, ಎಂಥ ಕಠಿಣ ಜಾಗದಲ್ಲಿ ಇದ್ದ, ಪಿಂಚಣಿಗೆ ಎಷ್ಟು ಉಳಿದಿದೆ ಎಂಬುದನ್ನೂ ನೋಡಬೇಕು. ಸಿಪಾಯಿಗೆ ಪಿಂಚಣಿ ಬರುವುದು 15 ವರ್ಷಕ್ಕೆ. 13ನೇ ವರ್ಷಕ್ಕೆ ಹೊರಗೆ ಬಂದವನ ಮನೆಯವರು ಈ ಮಾತನ್ನು ಎರಡು ಸಲ ಓದಬೇಕು. ಮಿಂಗೋ ಸ್ಯಾಂಡರ್ಸನಿಗೆ ಇಂಥದೊಂದು ತೀರ್ಪು ಇರಲಿಲ್ಲ.

ಸಂಘದ ಹುಡುಗರಿಗೆ ನನ್ನದೊಂದು ಕೇಳಿಕೆ. ನಿಮ್ಮ ಓಣಿಯಲ್ಲಿ ಸೈನ್ಯದಿಂದ ಬಂದವರ ಪಟ್ಟಿ ಮಾಡ್ರಿ. ಸುಮ್ಮನೆ ಬಂದ, ಕಾರಣ ಹೇಳುವುದಿಲ್ಲ, ಕುಡೀತಾನ ಅಂತ ಊರು ಅಂತಿರುವವನನ್ನು ಮೊದಲು ಬರಕೊಳ್ರಿ. ಅವನ ಡಿಸ್ಚಾರ್ಜ್ ಬುಕ್, ಶಿಕ್ಷೆಯ ಆದೇಶಗಳು, ದವಾಖಾನೆಯ ಚೀಟಿಗಳು, ಮೆಡಲಿನ ಕಾಗದ, ಜೊತೆಗಿದ್ದವರ ಹೆಸರು, ಎಲ್ಲಾ ಒಂದು ಕಡೆ ಸೇರಿಸ್ರಿ. ಆದೇಶ ಅವನ ಕೈಗೆ ಬಂದ ತಾರೀಖು ಲಕೋಟೆಯ ಮೇಲೆ ಇರ್ತದ, ಲಕೋಟೆ ಒಗೀಬ್ಯಾಡ್ರಿ. ಕಾಗದ ಸಿಗದಿದ್ದರೆ ಅವನ ರೆಕಾರ್ಡ್ ಆಫೀಸಿಗೆ ಸೇವಾ ಸಂಖ್ಯೆ ಹಾಕಿ ಬರೆದು ಕೇಳ್ರಿ, ಜಿಲ್ಲಾ ಸೈನಿಕ ಕಲ್ಯಾಣ ಕಚೇರಿಯಲ್ಲೂ ವಿಚಾರಿಸ್ರಿ. ವಕೀಲರ ಹತ್ತಿರ ಹೋಗುವಾಗ ಝೆರಾಕ್ಸ್ ಒಯ್ಯಬೇಕು. ಅಸಲು ಮನೆಯಲ್ಲೇ, ತಗಡಿನ ಪೆಟ್ಟಿಗೆಯಲ್ಲಿ ಇರಲಿ.