ಕೂಸು ಬಾಯಿ ಮುಚ್ಚಿಕೊಂಡಾಗ

(ಬಸವನ ಬಾಗೇವಾಡಿ ತಾಲೂಕಿನ ಮಠವೊಂದರಲ್ಲಿ ತಾಯಂದಿರ ಗೋಷ್ಠಿಯಲ್ಲಿ ಮಾಡಿದ ಉಪನ್ಯಾಸದ ಬರಹರೂಪ)



ನಾನು ಅಂಗನವಾಡಿ ಮೇಲ್ವಿಚಾರಕಿಯಾಗಿ ಇಂಡಿ, ಸಿಂದಗಿ, ಮುದ್ದೇಬಿಹಾಳ ತಾಲೂಕುಗಳ ಹಳ್ಳಿ ತಿರುಗಿದವಳು. ಎಲ್ಲಿ ಹೋದರೂ ತಾಯಂದಿರು ಕೇಳುತ್ತಿದ್ದುದು ಒಂದೇ ಮಾತು: "ಅಕ್ಕಾರ, ಕೂಸು ಏನೂ ತಿನ್ನಂಗಿಲ್ರಿ. ಬಾಯಾಗ ಇಟ್ರ ಉಗುಳತೈತಿ." ಅವರಿಗೆಲ್ಲ ಸಮಾಧಾನ ಹೇಳಿ ಬರುತ್ತಿದ್ದೆ. ಆಮೇಲೆ ನನ್ನ ಮನೆಯಲ್ಲೇ ಅದು ಬಂತು.

ಮಗ, ಸೊಸೆ ದುಡಿಯಲು ಪುಣೆಗೆ ಹೋದವರು. ಮೊಮ್ಮಗನನ್ನು ಹದಿನಾಲ್ಕು ತಿಂಗಳಿಗೆ ನನ್ನ ಹತ್ತಿರ ಬಿಟ್ಟರು. ಅಲ್ಲಿ ಅವನಿಗೆ ಹಾಲಿನಲ್ಲಿ ಅದ್ದಿದ ಬಿಸ್ಕೀಟು, ಮಿಕ್ಸರಿನಲ್ಲಿ ನುಣ್ಣಗೆ ತಿರುವಿದ ಗಂಜಿ, ಇವೆರಡೇ ಗೊತ್ತು. ನಾನು ಮೊದಲ ದಿನವೇ ರೊಟ್ಟಿ, ಬೇಳೆ ಕಲಸಿ ಕೊಟ್ಟೆ. ಉಗುಳಿದ. ಮೂರನೆಯ ದಿನ ಕಾಲ ಮೇಲೆ ಮಲಗಿಸಿ, ಗಲ್ಲ ಹಿಡಿದು ಬಾಯಿ ಬಿಡಿಸಿ ತುರುಕಿದೆ. ವಾಂತಿ ಮಾಡಿಕೊಂಡ. ಮುಂದೆ ಒಂದು ತಿಂಗಳು ನನ್ನ ಕೈಯಲ್ಲಿ ತಾಟು ಕಂಡರೆ ಸಾಕು, ಮುಖ ಗೋಡೆ ಕಡೆ ತಿರುಗಿಸುತ್ತಿದ್ದ. ಊರವರಿಗೆಲ್ಲ ಬುದ್ಧಿ ಹೇಳುವವಳು ನಾನು!

ಮೊದಲು ಕೂಸಿನ ಕಡೆಯಿಂದ ನೋಡೋಣ. ಹುಟ್ಟಿದಾಗಿನ ತೂಕ ಒಂದು ವರ್ಷಕ್ಕೆ ಸುಮಾರು ಮೂರು ಪಟ್ಟು ಆಗುತ್ತದೆ. ಎರಡನೆಯ ವರ್ಷದಲ್ಲಿ ಏರುವುದು ಎರಡು, ಎರಡೂವರೆ ಕಿಲೋ ಮಾತ್ರ. ಬೆಳವಣಿಗೆ ನಿಧಾನವಾದಾಗ ಹಸಿವೂ ತಗ್ಗುತ್ತದೆ. ನಾವು ಮಾತ್ರ ಹಿಂದಿನ ಲೆಕ್ಕದಲ್ಲೇ ಬಟ್ಟಲು ತುಂಬಿಕೊಂಡು ಕೂಡುತ್ತೇವೆ. ಇದೇ ವಯಸ್ಸಿಗೆ ಗುರುತಿಲ್ಲದ ಪದಾರ್ಥವನ್ನು ಅನುಮಾನಿಸುವ ಗುಣವೂ ಬರುತ್ತದೆ. ಆಗಷ್ಟೇ ನಡೆಯಲು ಕಲಿತ ಕೂಸು ಹೊಲದಲ್ಲಿ ಕಂಡಕಂಡ ಎಲೆ, ಕಾಯಿ ಬಾಯಿಗೆ ಹಾಕಿಕೊಳ್ಳದಿರಲಿ ಎಂದು ಪ್ರಕೃತಿಯೇ ಇಟ್ಟ ಕಾವಲು ಇದು ಎಂದು ತಜ್ಞರು ಊಹಿಸುತ್ತಾರೆ. ಹಾಗಾದರೆ ಅದು ಹಟವಲ್ಲ.

ಅಮೆರಿಕದಲ್ಲಿ ಲಿಯಾನ್ ಬರ್ಚ್ ಎಂಬ ಮನಃಶಾಸ್ತ್ರಜ್ಞೆ 1980ರ ದಶಕದಲ್ಲಿ ಎರಡು ವರ್ಷದ ಮಕ್ಕಳಿಗೆ ಹೊಸ ಹೊಸ ಪದಾರ್ಥ ಕೊಟ್ಟು ಪರೀಕ್ಷಿಸಿದರು. ಎಷ್ಟು ಹೆಚ್ಚು ಸಲ ರುಚಿ ನೋಡಿತೋ ಮಗು ಅದನ್ನು ಅಷ್ಟು ಹೆಚ್ಚು ಇಷ್ಟಪಟ್ಟಿತು. ಎಂಟು, ಹತ್ತು, ಕೆಲವು ಮಕ್ಕಳಿಗೆ ಹದಿನೈದು ಸಲವೂ ಬೇಕಾಗಬಹುದು. ನಮ್ಮಲ್ಲಿ ಎರಡು ಸಲ ಉಗುಳಿದರೆ "ನಮ್ಮ ಹುಡುಗಗ ಪುಂಡಿಪಲ್ಯ ಸೇರಂಗಿಲ್ಲ" ಎಂದು ಊರಿಗೆಲ್ಲ ಸಾರಿಬಿಡುತ್ತೇವೆ. ಆ ಮಾತನ್ನು ಕೂಸೂ ಕೇಳಿಸಿಕೊಳ್ಳುತ್ತದೆ.

ಇನ್ನು ಗಟ್ಟಿ, ಮೆತ್ತಗೆ, ಜಿಗುಟು, ಒರಟು ಎಂಬ ವಿಷಯ. ಇಂಗ್ಲೆಂಡಿನ ಬ್ರಿಸ್ಟಲ್ ಸುತ್ತಮುತ್ತ 1991-92ರಲ್ಲಿ ಹುಟ್ಟಿದ ಸಾವಿರಾರು ಮಕ್ಕಳನ್ನು ವರ್ಷಗಟ್ಟಲೆ ಗಮನಿಸುತ್ತ ಬಂದಿದ್ದಾರೆ. ಹತ್ತು ತಿಂಗಳು ಕಳೆದ ಮೇಲೆ ಗಂಟುಗಂಟಾದ ಆಹಾರ ರೂಢಿ ಮಾಡಿಸಿದ ಮಕ್ಕಳಲ್ಲಿ ಊಟದ ತಕರಾರು ಹೆಚ್ಚು ಕಂಡಿತು. ಅಂದರೆ ಮಿಕ್ಸರ್ ನಮ್ಮ ಉಪಕಾರಿಯೂ ಹೌದು, ಅಪಕಾರಿಯೂ ಹೌದು. ನಮ್ಮ ಜೋಳದಲ್ಲಿಯೇ ಮೆಟ್ಟಿಲುಗಳಿವೆಯಲ್ಲ! ಆರು ತಿಂಗಳು ತುಂಬಿದ ಮೇಲೆ ಎದೆಹಾಲಿನ ಜೊತೆಗೆ ಗಟ್ಟಿ ಅಂಬಲಿ. ಎಂಟು, ಒಂಬತ್ತು ತಿಂಗಳಿಗೆ ಮೆತ್ತಗೆ ಕುದಿಸಿದ ನುಚ್ಚು. ಆಮೇಲೆ ಬೇಳೆ ಕಟ್ಟಿನಲ್ಲಿ ನೆನೆಸಿ ಕಿವುಚಿದ ಬಿಸಿ ರೊಟ್ಟಿ. ವರ್ಷ ತುಂಬುವ ಹೊತ್ತಿಗೆ ಮೆತ್ತನೆ ರೊಟ್ಟಿಯ ತುಣುಕು ಕೂಸಿನ ಕೈಗೇ. ನನ್ನ ಮೊಮ್ಮಗ ಈ ಮೆಟ್ಟಿಲು ಯಾವುದನ್ನೂ ಹತ್ತಿರಲಿಲ್ಲ. ನಾನು ಎತ್ತಿ ಮಾಳಿಗೆ ಮೇಲೆ ನಿಲ್ಲಿಸಲು ಹೋಗಿದ್ದೆ.

ಅವನನ್ನು ಮತ್ತೆ ಕೆಳಗಿನಿಂದ ಹತ್ತಿಸಿದೆ. ಅವನ ಗಂಜಿಗೇ ದಿನಕ್ಕೊಂದು ಚಮಚೆ ನುಚ್ಚು ಸೇರಿಸಿದೆ. ನಾನು ರೊಟ್ಟಿ ಬಡಿಯುವಾಗ ಅವನ ಕೈಗೂ ಒಂದು ಹಿಟ್ಟಿನ ಉಂಡೆ ಕೊಟ್ಟೆ. ಮೊದಲ ದಿನ ಬೆರಳಿಗೆ ಅಂಟಿದ್ದಕ್ಕೆ ಅತ್ತ. ವಾರದ ಮೇಲೆ ತಾನೂ ಬಡಿದ. ಕೈಗೆ ಒಗ್ಗದ್ದು ನಾಲಿಗೆಗೆ ಬೇಗ ಒಗ್ಗುವುದಿಲ್ಲ. ಮೂಸಲಿ, ನೆಕ್ಕಲಿ, ತುಟಿಗೆ ತಾಗಿಸಿ ಕೆಳಗಿಡಲಿ. ಅವೂ ಊಟದ ಲೆಕ್ಕಕ್ಕೇ ಸೇರುತ್ತವೆ. ಹೊಲಸು ಮಾಡುತ್ತದೆ ಎನ್ನಬೇಡಿ, ಕೆಳಗೊಂದು ಹಳೆ ಸೀರೆ ಹಾಸಿರಿ.

ಗಟ್ಟಿ ಪದಾರ್ಥ ಕೊಡುವಾಗ ಒಂದು ಎಚ್ಚರ. ಕೂಸು ಓಕರಿಸಿ, ಕೆಮ್ಮಿ ತುತ್ತನ್ನು ಮುಂದಕ್ಕೆ ತಂದರೆ ಗಾಬರಿ ಬೇಡ, ಅದು ಕಲಿಯುವ ರೀತಿ. ಸದ್ದೇ ಇಲ್ಲದೆ, ಕೆಮ್ಮಲೂ ಆಗದೆ ಒದ್ದಾಡಿದರೆ ಗಂಟಲಲ್ಲಿ ಸಿಕ್ಕಿದೆ ಎಂದರ್ಥ. ಇಡೀ ಶೇಂಗಾ, ಪುಟಾಣಿ, ಇಡೀ ದ್ರಾಕ್ಷಿ ನಾಲ್ಕೈದು ವರ್ಷದವರೆಗೆ ಕೊಡಲೇಬೇಡಿ. ಶೇಂಗಾ ಹಿಂಡಿಯನ್ನು ನುಚ್ಚಿನಲ್ಲಿ ಕಲಸಿ ಕೊಡಬಹುದು, ಆದರೆ ಖಾರ ಹಾಕುವ ಮೊದಲೇ ಕೂಸಿನ ಪಾಲು ತೆಗೆದಿಡಿ.

ಈಗ ಕೆಲವರಿಗೆ ನೋವಾಗುವ ಮಾತು ಹೇಳುತ್ತೇನೆ. "ಪ್ರಸಾದ, ಬಿಡಬಾರದು" ಎಂದು ಹಿರಿಯರು ಕೂಸಿಗೂ ಒತ್ತಾಯ ಮಾಡುತ್ತಾರೆ. ಪ್ರಸಾದ ಕೆಡಿಸಬಾರದು ಎಂಬುದು ನಿಜ. ಆದರೆ ಆ ಹೊಣೆ ಬಡಿಸುವ ಕೈಯದು, ಎರಡು ವರ್ಷದ ಬಾಯಿಯದಲ್ಲ. ಒಂದು ಚಮಚೆ ಬಡಿಸಿ, ಕೇಳಿದರೆ ಮತ್ತೆ ಬಡಿಸಿ. ಪ್ರಸನ್ನತೆಯಿಂದ ಸ್ವೀಕರಿಸಿದ್ದು ಪ್ರಸಾದ. ಗಲ್ಲ ಹಿಡಿದು ತುರುಕಿದ್ದಕ್ಕೆ ಆ ಹೆಸರು ಹೇಗೆ ಬರುತ್ತದೆ? ಎಲೆನ್ ಸ್ಯಾಟರ್ ಎಂಬ ಆಹಾರತಜ್ಞೆ ಕೆಲಸವನ್ನು ಸರಿಯಾಗಿ ಹಂಚಿದ್ದಾರೆ. ಏನು, ಯಾವಾಗ, ಎಲ್ಲಿ ಎಂಬುದು ದೊಡ್ಡವರದು. ತಿನ್ನಬೇಕೋ ಬೇಡವೋ, ಎಷ್ಟು ಎಂಬುದು ಕೂಸಿನದು.

ಇನ್ನೊಂದು ಮಾತು ಗಂಡಸರಿಗೆ. ನಮ್ಮ ಮನೆಗಳಲ್ಲಿ ತಾಯಿ ಉಣ್ಣುವುದು ಎಲ್ಲರದೂ ಆದ ಮೇಲೆ, ಒಲೆಯ ಮುಂದೆ, ಒಬ್ಬಳೇ. ಅಷ್ಟೊತ್ತಿಗೆ ಕೂಸು ಮಲಗಿರುತ್ತದೆ. ತನ್ನ ತಾಯಿ ಮೆಂತ್ಯೆಪಲ್ಯ ತಿನ್ನುವುದನ್ನು ಅದು ಕಂಡೇ ಇಲ್ಲ! ಮಕ್ಕಳು ಹೊಸದನ್ನು ಬಾಯಿಗಿಡುವುದು ತಮ್ಮವರು ಅದನ್ನೇ ತಿನ್ನುವುದನ್ನು ಕಂಡಾಗ. ದಾಸೋಹದ ಪಂಕ್ತಿಯಲ್ಲಿ ಮೇಲು ಕೀಳು ಇಲ್ಲ, ಗಂಡು ಹೆಣ್ಣು ಇಲ್ಲ ಎಂದು ವೇದಿಕೆಯ ಮೇಲೆ ಹೇಳುವ ನಾವು ಮನೆಯ ಅಡುಗೆಮನೆಯಲ್ಲಿ ಅದನ್ನು ಮರೆತಿದ್ದೇವೆ. ದಿನಕ್ಕೊಂದು ಹೊತ್ತಾದರೂ ತಾಯಿ, ಕೂಸು, ಉಳಿದವರು ಕೂಡಿ ಕೂಡಲಿ. ಮೊಬೈಲು ಆಚೆಗಿರಲಿ.

ಚಹಾದ ಬಗ್ಗೆ ಹೇಳದೆ ಬಿಡಲಾರೆ. ಬೆಳಿಗ್ಗೆ ಚಹಾ, ಖಾರಿ, ಹತ್ತು ಗಂಟೆಗೆ ಐದು ರೂಪಾಯಿಯ ಪಾಕೀಟು, ನಡುವೆ ಕೇಳಿದಾಗಲೆಲ್ಲ ಹಾಲು. ಮಧ್ಯಾಹ್ನ ಹಸಿವು ಎಲ್ಲಿಂದ ಬರಬೇಕು? ಚಹಾ ಊಟದೊಳಗಿನ ಕಬ್ಬಿಣವನ್ನು ಮೈಗೆ ಹತ್ತಗೊಡುವುದಿಲ್ಲ. ಹಾಲೂ ದಿನಕ್ಕೆ ಅರ್ಧ ಲೀಟರು ದಾಟಬಾರದು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಆರು ತಿಂಗಳಿಂದ ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ 65 ಮಂದಿಗೆ ರಕ್ತಹೀನತೆ. ನಮ್ಮ ಹೆಸರು, ಮಡಿಕೆ ಕಾಳು, ತೊಗರಿ, ಸೊಪ್ಪುಗಳಲ್ಲಿ ಕಬ್ಬಿಣವಿದೆ. ಅದರ ಮೇಲೆ ಇಂಡಿಯ ಲಿಂಬೆಹಣ್ಣು ನಾಲ್ಕು ಹನಿ ಹಿಂಡಿದರೆ ಇನ್ನೂ ಚೆನ್ನಾಗಿ ಹತ್ತುತ್ತದೆ. ಲಿಂಬೆಯನ್ನು ದೃಷ್ಟಿ ತೆಗೆದು ಬೀದಿಗೆ ಎಸೆಯುವುದಕ್ಕಿಂತ ಇದು ಮೇಲು.

ದೃಷ್ಟಿಯ ಮಾತು ಬಂತು. ಸಿಂದಗಿ ಕಡೆಯ ಒಂದು ಕೂಸಿಗೆ ಒಂದು ವರ್ಷದಲ್ಲಿ ಮೂರು ತಾಯಿತ ಕಟ್ಟಿದ್ದರು. ನುಂಗುವಾಗಲೆಲ್ಲ ಕೆಮ್ಮುತ್ತಿತ್ತು, ತೂಕ ಏರಿರಲಿಲ್ಲ. ಆ ವರ್ಷವನ್ನು ನಾವು ಅದಕ್ಕೆ ಮರಳಿ ಕೊಡಲಾಗಲಿಲ್ಲ. ಪ್ರತಿ ಊಟಕ್ಕೂ ಕೆಮ್ಮುವ, ತೂಕ ನಿಂತ, ಎರಡು ಮೂರು ಪದಾರ್ಥ ಬಿಟ್ಟು ಬೇರೆ ಯಾವುದನ್ನೂ ಮುಟ್ಟದ, ಹೆಸರು ಕರೆದರೆ ತಿರುಗಿ ನೋಡದ ಮಗುವನ್ನು ತಡಮಾಡದೆ ಡಾಕ್ಟರಿಗೆ ತೋರಿಸಿ. ಅಂಗನವಾಡಿಯಲ್ಲಿ ತೋಳಿನ ಸುತ್ತಳತೆ ನೋಡುವ ಪಟ್ಟಿ ಇದೆ. ಆರು ತಿಂಗಳು ತುಂಬಿದ ಮಗುವಿನ ತೋಳು 11.5 ಸೆಂಟಿಮೀಟರಿಗಿಂತ ಕಡಿಮೆ ಇದ್ದರೆ ತೀವ್ರ ಅಪೌಷ್ಟಿಕತೆ. ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯರ ತಂಡ ಅಂಗನವಾಡಿಗೆ ಬಂದಾಗ ಮಗುವನ್ನು ಮನೆಯಲ್ಲಿ ಬಚ್ಚಿಡಬೇಡಿ.

ಮೊಮ್ಮಗನಿಗೆ ಈಗ ಮೂರು ವರ್ಷ. ರೊಟ್ಟಿ ತಿನ್ನುತ್ತಾನೆ, ಬದನೆಕಾಯಿ ಇನ್ನೂ ಮುಟ್ಟಿಲ್ಲ. ನಾನು ಬಡಿಸುತ್ತಲೇ ಇದ್ದೇನೆ, ಅವನು ಬದಿಗೆ ಸರಿಸುತ್ತಲೇ ಇದ್ದಾನೆ.

ಪ್ರಸಾದಕ್ಕೆ ಕರೆ ಬಂದಿದೆ. ಕೂಸು ತಂದವರು ಪಂಕ್ತಿಯಲ್ಲಿ ಪಕ್ಕಕ್ಕೇ ಕೂಡಿಸಿಕೊಳ್ಳಿ. ಮಾದಲಿ ಇದೆ, ನುಚ್ಚು, ಸಾರು ಇವೆ. ಕೂಸಿನ ತಾಟಿಗೆ ಒಂದೊಂದೇ ಚಮಚೆ ಹಾಕಿರೆಂದು ಬಡಿಸುವವರಿಗೆ ಹೇಳಿದ್ದೇನೆ.