ಬೆಸುಗೆಯ ಶುಚಿ

 

ಹೊಸಮನೆಯವರಿಗೆ ಲೋಹವೆಂಬುದು ಹೊಸ ಮಾತಲ್ಲ. 1923ರಲ್ಲಿ ಭದ್ರಾವತಿಯ ಕಾರ್ಖಾನೆಯಲ್ಲಿ ಕಬ್ಬಿಣದ ಉತ್ಪಾದನೆಯು ಮೊದಲಾದಂದಿನಿಂದ ಈ ಊರಿನ ಎಷ್ಟೋ ಮನೆಗಳು ಕುಲುಮೆಯ ಕಾಯಕವನ್ನು ನಂಬಿ ಬಾಳಿದುವು. ಆದುದರಿಂದ ಆಕಾಶಯಾನಗಳಿಗೆ ಬೇಕಾದ ಟೈಟಾನಿಯಂ ಲೋಹದ ಬೆಸುಗೆಯನ್ನು ಕುರಿತು ಇಲ್ಲಿ ನಾಲ್ಕು ಮಾತುಗಳನ್ನಾಡುವುದು ಅಪ್ರಸ್ತುತವಾಗದೆಂದು ಭಾವಿಸಿದ್ದೇನೆ.

ಈ ಲೋಹವು ಸಮಗಾತ್ರದ ಉಕ್ಕಿನ ತೂಕದಲ್ಲಿ ಐದರಲ್ಲಿ ಮೂರು ಪಾಲಿಗಿಂತಲೂ ತುಸು ಕಡಮೆ ತೂಗುವುದು. ನೂರಕ್ಕೆ 6 ಪಾಲು ಅಲ್ಯೂಮಿನಿಯಂ, 4 ಪಾಲು ವೆನೇಡಿಯಂ ಬೆರೆಸಿದರೆ ಒಳ್ಳೆಯ ಉಕ್ಕಿಗೆ ಸಮನಾದ ಬಲವು ಬರುವುದು. ತುಕ್ಕಿನ ಭಯವೂ ಇಲ್ಲ. ಉಪಗ್ರಹಗಳ ಇಂಧನದ ತೊಟ್ಟಿಗಳನ್ನು ಈ ಮಿಶ್ರಲೋಹದ ಅರ್ಧಗೋಳಗಳನ್ನು ಬೆಸೆದು ಮಾಡುವರು. ಆ ಒಂದು ಬೆಸುಗೆ ಬಿಟ್ಟರೆ ಸಮಸ್ತ ಪ್ರಯತ್ನವೂ ವ್ಯರ್ಥ.

ಆದರೆ ಕಾದ ಟೈಟಾನಿಯಂ ಗಾಳಿಯಲ್ಲಿನ ಆಮ್ಲಜನಕ, ಸಾರಜನಕಗಳನ್ನು ಹೀರಿ ಪೆಡಸಾಗಿ ಬಿರಿಯುವುದು. ಆದಕಾರಣ ಬೆಸುಗೆಯ ಮೇಲೂ ಕೆಳಗೂ, ಅದು ಆರುವವರೆಗೂ, ಆರ್ಗಾನ್ ಅನಿಲದ ಮರೆಯಿರಬೇಕು. ಇಲ್ಲವೆ ನಿರ್ವಾತವಾದ ಕೋಣೆಯಲ್ಲಿ ಎಲೆಕ್ಟ್ರಾನ್ ಕಿರಣದಿಂದ ಬೆಸೆಯಬೇಕು. ಬೆಳ್ಳಿಯಂತೆ ಹೊಳೆದರೆ ಶುಭಲಕ್ಷಣ. ನೀಲಿಗಟ್ಟಿದರೆ ಗಾಳಿ ಸೋಂಕಿತೆಂದರ್ಥ. ಬಿಳಿಯ ಪುಡಿಯೆದ್ದರೆ ಕಿತ್ತುಹಾಕತಕ್ಕದ್ದೇ. ಹೊರಗಣ ಹೊಳಪೊಂದನ್ನೇ ನಂಬಲೂ ಆಗದು. ಒಳಗಣ ಸಣ್ಣ ಗುಳ್ಳೆಗಳನ್ನು ಕ್ಷಕಿರಣದಿಂದ ಪರೀಕ್ಷಿಸಬೇಕು.

ಇಲ್ಲಿ ಒಂದು ನಿದರ್ಶನವನ್ನು ಹೇಳುವೆನು. 1962ರಲ್ಲಿ ಮೊದಲು ಹಾರಿದ ಅಮೆರಿಕದ ಎ-12 ವಿಮಾನದ ದೇಹವು ಬಹುಮಟ್ಟಿಗೆ ಟೈಟಾನಿಯಮ್ಮಿನದು. ಅದನ್ನು ಕಟ್ಟುವಾಗ ಬೇಸಗೆಯಲ್ಲಿ ಬೆಸೆದ ಭಾಗಗಳು ಬೇಗನೆ ಬಿಟ್ಟುಹೋಗುತ್ತಿದ್ದುವು, ಚಳಿಗಾಲದವು ಬಾಳುತ್ತಿದ್ದುವು. ವಿಚಾರಿಸಲಾಗಿ, ಪಾಚಿಯನ್ನು ತಡೆಯಲು ಬೇಸಗೆಯಲ್ಲಿ ಊರ ನೀರಿಗೆ ಹೆಚ್ಚಾಗಿ ಬೆರೆಸುತ್ತಿದ್ದ ಕ್ಲೋರಿನ್ನೇ ಕಾರಣವೆಂದು ತಿಳಿದುಬಂತು. ಆ ನೀರಿನಿಂದಲೇ ಫಲಕಗಳನ್ನು ತೊಳೆಯುತ್ತಿದ್ದರು! ಬಟ್ಟಿಯಿಳಿಸಿದ ನೀರನ್ನು ಬಳಸಲು ಆ ದೋಷವು ನೀಗಿತು. ಕುಡಿಯಲು ಶುದ್ಧವಾದುದು ಈ ಕಾಯಕಕ್ಕೆ ಶುದ್ಧವಾಗಿರಲಿಲ್ಲ. ಪ್ರತಿಯೊಂದು ತುಂಡಿನ ಲೆಕ್ಕವನ್ನೂ ಬರೆದಿಟ್ಟಿದ್ದುದರಿಂದಲೇ ಈ ಕಾರಣವು ಸಿಕ್ಕಿತೆಂಬುದನ್ನು ಮರೆಯಲಾಗದು.

ಹಾಗಾದರೆ ಬೆಸೆದ ಟೈಟಾನಿಯಂ ಆಕಾಶಯಾನಕ್ಕೆ ಯೋಗ್ಯವೇ? ಯೋಗ್ಯವೇ ಸರಿ, ಆದರೆ ಆ ಯೋಗ್ಯತೆಯು ಲೋಹದೊಂದರದೇ ಅಲ್ಲ, ಬೆಸೆಯುವವನ ಶುಚಿಯದೂ ಹೌದು. ಬೆರಳಿನ ಜಿಡ್ಡೊಂದು ಸೋಂಕಿದರೂ ಬೆಸುಗೆಯು ಕೆಡಬಹುದು. ಯಾರೂ ಕಾಣದ ಕಡೆಯಲ್ಲಿಯೂ ಕೈ ಶುದ್ಧವಾಗಿರಬೇಕೆಂಬುದೇ ಶರಣರ ಕಾಯಕತತ್ತ್ವವಲ್ಲವೇ? ಈ ಊರಿನ ತರುಣರು ಹಿರಿಯರ ಕುಲುಮೆಯ ನಿಷ್ಠೆಯನ್ನು ಈ ಹೊಸ ವಿದ್ಯೆಯಲ್ಲಿಯೂ ಉಳಿಸಿಕೊಳ್ಳಲೆಂದು ಹಾರೈಸಿ, ನನ್ನ ಮಾತುಗಳನ್ನು ಮುಗಿಸುತ್ತೇನೆ.