ತುಟ್ಟಿಯ ಕಾಲವೂ ಸರಕಾರದ ಸಾಲವೂ

(ಉಪಾಧ್ಯಾಯರ ಸಭೆಯೊಂದರಲ್ಲಿ ಮಾಡಿದ ಭಾಷಣ)



ಮಹಾಮಾರಿಯ ಬೆನ್ನ ಹಿಂದೆ ಬರುವ ತುಟ್ಟಿಯನ್ನು ಕುರಿತು ಎರಡು ಮಾತು ಆಡಬೇಕೆಂದು ತಾವು ಅಪ್ಪಣೆ ಮಾಡಿರುವಿರಿ. ನಾನು ಅರ್ಥಶಾಸ್ತ್ರದ ಪಂಡಿತನಲ್ಲ. ದಾವೆಯ ಕಾಗದಪತ್ರಗಳನ್ನು ಓದಿ ಹೊಟ್ಟೆ ಹೊರೆಯುವ ವಕೀಲನು. ಆದಕಾರಣ ವಕೀಲನು ಕೇಳತಕ್ಕ ಪ್ರಶ್ನೆಯನ್ನೇ ಹಿಡಿದು ಹೊರಡುವೆನು. ಸಾಲ ಮಾಡಿದವರಾರು? ಯಾರ ಸಲುವಾಗಿ ಮಾಡಿದರು? ಕಡೆಗೆ ಅದನ್ನು ತೀರಿಸಿದವರಾರು?

1918ರ ಜೂನ್ ತಿಂಗಳಲ್ಲಿ ಇನ್‌ಫ್ಲುಯೆಂಜಾ ಎಂಬ ಜ್ವರವು ಮುಂಬಯಿಯಲ್ಲಿ ಕಾಣಿಸಿಕೊಂಡಿತು. ಮೊದಲನೆಯ ಸಲ ಅದು ಸೌಮ್ಯವಾಗಿಯೇ ಬಂದು ಹೋಯಿತು. ಸೆಪ್ಟೆಂಬರದಲ್ಲಿ ಮರಳಿದಾಗ ಮಾತ್ರ ಉಗ್ರರೂಪವನ್ನು ತಾಳಿ, ಕೆಲವೇ ತಿಂಗಳುಗಳಲ್ಲಿ ಹಿಂದುಸ್ತಾನದ ಒಂದು ಕೋಟಿಗೂ ಮಿಕ್ಕಿದ ಜನರನ್ನು ನುಂಗಿಹಾಕಿತು. ಮುಪ್ಪಿನವರಿಗಿಂತ ದುಡಿಯುವ ವಯಸ್ಸಿನವರೇ ಅದಕ್ಕೆ ಹೆಚ್ಚಾಗಿ ಬಲಿಯಾದರು. ಇದು ಎಂತಹ ವೇಳೆಯೆಂಬುದನ್ನು ತಾವು ಲಕ್ಷ್ಯದಲ್ಲಿಡಬೇಕು. ನಮ್ಮ ಎರೆಯ ಸೀಮೆಯಲ್ಲಿ ಹಿಂಗಾರಿ ಜೋಳವನ್ನು ಬಿತ್ತುವ ಕಾಲವೂ ಅದೇ. ಆ ವರ್ಷ ಮಳೆಯೂ ಕೈಕೊಟ್ಟಿತು. ಇದ್ದ ಹಸಿಯಲ್ಲಿ ಕೂರಿಗೆ ಹೂಡೋಣವೆಂದರೆ ಹಿಡಿಯಬೇಕಾದ ಕೈಗಳು ಹಾಸಿಗೆಯಲ್ಲಿದ್ದವು, ಇಲ್ಲವೇ ಮಣ್ಣು ಸೇರಿದ್ದವು. ಮನೆಗೆ ಬಾರದ ಬೆಳೆಯು ಸಂತೆಗೆ ಬರುವುದೆಂತು?

ಆದರೆ ತುಟ್ಟಿಗೆ ರೋಗವೂ ಬರವೂ ಮಾತ್ರವೇ ಕಾರಣವೆಂದರೆ ಅರ್ಧ ಸಾಕ್ಷ್ಯವನ್ನು ಮುಚ್ಚಿಟ್ಟಂತಾಗುವುದು. 1873ರ ಧಾರಣೆಯನ್ನು ನೂರೆಂದು ಎಣಿಸಿದರೆ 1914ರಲ್ಲಿ ದೇಶದ ಧಾರಣೆಯು 147 ಇದ್ದಿತು. 1918ಕ್ಕೆ 225 ಆಯಿತು. 1920ಕ್ಕೆ 281ಕ್ಕೆ ಏರಿತು. ಜ್ವರವು ಬರುವುದಕ್ಕೆ ಮುಂಚೆಯೇ ಏರಿಕೆಯು ಮೊದಲಾಗಿದ್ದಿತೆಂಬುದು ಇದರಿಂದ ಸ್ಪಷ್ಟ. ಯಾತಕ್ಕೆಂದರೆ, 1914ರಿಂದ ಯುರೋಪಿನಲ್ಲಿ ಯುದ್ಧ ನಡೆದಿದ್ದಿತು. ನಮ್ಮ ಧಾನ್ಯವೂ ಸೆಣಬೂ ತೊಗಲೂ ಅದಕ್ಕಾಗಿ ಹಡಗು ಹತ್ತಿದವು. ಅರಿವೆ ಮೊದಲಾದ ಹೊರಗಿನ ಸರಕು ಬರುವುದು ಮಾತ್ರ ಕಡಿಮೆಯಾಯಿತು. ಸಾಲದ್ದಕ್ಕೆ 1917ರಲ್ಲಿ ಹಿಂದುಸ್ತಾನ ಸರಕಾರವು ಬ್ರಿಟಿಷ್ ಸರಕಾರಕ್ಕೆ ಹತ್ತು ಕೋಟಿ ಪೌಂಡುಗಳನ್ನು, ಅಂದರೆ ಆಗಿನ ದರದಂತೆ 150 ಕೋಟಿ ರೂಪಾಯಿಗಳನ್ನು, ಯುದ್ಧಕ್ಕೆಂದು ಕಾಣಿಕೆಯಾಗಿ ಒಪ್ಪಿಸಿತು. ಕೈಯಲ್ಲಿ ಇದ್ದುದನ್ನು ಕೊಡುವುದು ಕಾಣಿಕೆ. ಸಾಲ ಎತ್ತಿ ಕೊಡುವ ಕಾಣಿಕೆಗೆ ನಿಘಂಟಿನಲ್ಲಿ ಬೇರೆ ಹೆಸರನ್ನು ಹುಡುಕಬೇಕು. ಆಗಿನ ಕೇಂದ್ರ ಶಾಸನಸಭೆಯಲ್ಲಿ ಸರಕಾರೀ ಸದಸ್ಯರದೇ ಬಹುಮತವಿದ್ದುದರಿಂದ ಪ್ರಜೆಯ ಒಪ್ಪಿಗೆಯ ಪ್ರಶ್ನೆಯೇ ಏಳಲಿಲ್ಲ.

ಇನ್ನು ನಾಣ್ಯದ ಕಥೆ. ಯುದ್ಧದ ವೆಚ್ಚಕ್ಕೆ ರೂಪಾಯಿ ಬೇಕಾಯಿತು. ರೂಪಾಯಿಗೆ ಬೆಳ್ಳಿ ಬೇಕಾಯಿತು. ಬೆಳ್ಳಿಯೋ ಲಂಡನ್ನಿನಲ್ಲಿ ದಿನದಿನಕ್ಕೆ ಏರಿತು. ಔನ್ಸಿಗೆ 43 ಪೆನ್ಸು ದಾಟಿದ ಮೇಲೆ, 16 ಪೆನ್ಸಿನ ನಮ್ಮ ರೂಪಾಯಿಯನ್ನು ಚಲಾಯಿಸುವುದಕ್ಕಿಂತ ಕರಗಿಸುವುದೇ ಲಾಭದ ವ್ಯಾಪಾರವಾಯಿತು! ಜನರು ಬೆಳ್ಳಿಯನ್ನು ಹೂಳಿಟ್ಟರು. 1917ರ ನವೆಂಬರದಲ್ಲಿ ಒಂದು ರೂಪಾಯಿಯ ಕಾಗದವು ಹೊರಬಿದ್ದಿತು. 1918ರಲ್ಲಿ ಅಮೇರಿಕೆಯು ತನ್ನ ಡಾಲರುಗಳನ್ನು ಕರಗಿಸಿ 20 ಕೋಟಿ ಔನ್ಸು ಬೆಳ್ಳಿಯನ್ನು ಕೊಟ್ಟಿರದಿದ್ದರೆ ನೋಟಿಗೆ ನಗದು ಕೊಡುವುದೇ ನಿಂತುಹೋಗುತ್ತಿದ್ದಿತು. 1914ರ ಮಾರ್ಚಿನಲ್ಲಿ 66 ಕೋಟಿಯಷ್ಟಿದ್ದ ನೋಟುಗಳು 1919ರ ಮಾರ್ಚಿಗೆ 153 ಕೋಟಿಯಾದವು. ಇತ್ತ ಜೋಳದ ಚೀಲಗಳು ಕಡಿಮೆ, ಅತ್ತ ಕಾಗದದ ರೂಪಾಯಿಗಳು ಇಮ್ಮಡಿ. ಧಾರಣೆಯು ಏರದೆ ಮತ್ತೇನಾದೀತು?

ಇಂತಹ ಏರಿಕೆಯು ಒಂದು ತೆರಿಗೆಯೇ ಸರಿ. ಆದರೆ ಇದಕ್ಕೆ ಮಸೂದೆಯಿಲ್ಲ, ವಾಚನವಿಲ್ಲ, ಅಪೀಲೂ ಇಲ್ಲ. 1916ರಲ್ಲಿ ಉಪ್ಪಿನ ಕರವನ್ನು ಮಣಕ್ಕೆ ಒಂದು ರೂಪಾಯಿಯಿಂದ ಒಂದೂಕಾಲಿಗೆ ಏರಿಸಿದರು. ಅದಾದರೂ ಕಣ್ಣಿಗೆ ಕಾಣುವ ಕರವು. ತುಟ್ಟಿಯ ಕರವನ್ನು ಯಾರೂ ಕಾಣಲಾರರು. 1914ರಲ್ಲಿ ಇಪ್ಪತ್ತೈದು ರೂಪಾಯಿ ಸಂಬಳವಿದ್ದ ಒಬ್ಬ ಮಾಸ್ತರರನ್ನು ಭಾವಿಸಿರಿ. 1920ರಲ್ಲಿಯೂ ಅವರ ಕೈಗೆ ಅದೇ ಇಪ್ಪತ್ತೈದು ಬಂದಿದ್ದರೆ, ಹಳೆಯ ಲೆಕ್ಕದಲ್ಲಿ ಅದು ಹದಿಮೂರು ರೂಪಾಯಿಯೇ. ಉಳಿದ ಹನ್ನೆರಡನ್ನು ಯಾವ ಕಾಯಿದೆಯ ಯಾವ ಕಲಮಿನಿಂದ ಕಿತ್ತುಕೊಂಡರು? ಅಹಮದಾಬಾದಿನ ಗಿರಣಿಯ ಕೂಲಿಗಳು 1918ರಲ್ಲಿ ಗಾಂಧೀಜಿಯವರ ಮುಂದಾಳುತನದಲ್ಲಿ ಹಟ ಹಿಡಿದು ನೂರಕ್ಕೆ 35ರ ಏರಿಕೆಯನ್ನು ಪಡೆದರು. ಹಳ್ಳಿಯ ಏಕೋಪಾಧ್ಯಾಯ ಶಾಲೆಯ ಮಾಸ್ತರರು ಯಾರೊಡನೆ ಕೂಡಿ ಹಟ ಹಿಡಿಯಬೇಕು?

ಧಾರಣೆ ಏರಿದರೆ ರೈತನಿಗೆ ಲಾಭವಲ್ಲವೇ ಎಂದು ಕೆಲವರು ಕೇಳುವರು. ಮಾರಲು ಬೆಳೆಯಿದ್ದವನಿಗೆ ನಿಜ. ಇಲ್ಲದವನು ತುಟ್ಟಿಯ ಕಾಲದಲ್ಲಿ ಬೀಜಕ್ಕಾಗಿ ಸಾಲ ತಂದನು. 1920ರ ನಂತರ ಧಾರಣೆಗಳು ಇಳಿಯತೊಡಗಿದಾಗ ಅದೇ ಸಾಲವನ್ನು ಹೆಚ್ಚು ಚೀಲಗಳನ್ನು ಅಳೆದು ತೀರಿಸಬೇಕಾಯಿತು.

ನಮ್ಮ ಕನ್ನಡಿಗರಿಗೆ ಇನ್ನೊಂದು ತೊಡಕಿದ್ದಿತು. ಕಾಳಿನ ಸಾಗಾಟದ ಮೇಲೆ ಸರಕಾರವು ಹತೋಟಿಯನ್ನು ಹೇರಿದಾಗ ಅದು ಪ್ರಾಂತಗಳ ಎಲ್ಲೆಯನ್ನು ನೋಡಿತೇ ಹೊರತು ಜನರ ನೆಂಟಸ್ತಿಕೆಯನ್ನು ನೋಡಲಿಲ್ಲ. ತುಂಗಭದ್ರೆಯ ಈ ದಡದ ಹರಿಹರವು ಮೈಸೂರಿನದು, ಆಚೆಯ ದಡವು ಮುಂಬಯಿಯದು. ಬಳ್ಳಾರಿಯು ಮದರಾಸಿನದು, ರಾಯಚೂರು ನಿಜಾಮರದು. ಒಂದೇ ಮಾತಾಡಿ ಒಂದೇ ರೊಟ್ಟಿ ತಿನ್ನುವ ಜನರು ಹಸಿವಿನ ದಿನ ಬೇರೆ ಬೇರೆ ಕಚೇರಿಗಳ ಬಾಗಿಲು ಕಾಯಬೇಕಾಗಿದ್ದಿತು. 1920ರ ನಾಗಪುರದ ಕಾಂಗ್ರೆಸ್ಸು ಭಾಷಾವಾರು ಪ್ರಾಂತಗಳನ್ನು ತನ್ನ ಸಂಘಟನೆಯಲ್ಲಿ ಒಪ್ಪಿತು. ರಾಜ್ಯವು ಒಂದಾಗುವುದಕ್ಕೆ 1956ರ ವರೆಗೆ ಕಾಯಬೇಕಾಯಿತು.

ನೂರು ವರ್ಷಗಳ ತರುವಾಯ, 2020ರಲ್ಲಿ, ಕೋವಿಡ್ ಬಂದಿತು. ಆಗಲೂ ಕೇಂದ್ರ ಸರಕಾರವು ಸಾಲ ಮಾಡಿತು. 2020–21ರಲ್ಲಿ ಅದರ ಕೊರತೆಯು ದೇಶದ ಉತ್ಪನ್ನದ ನೂರಕ್ಕೆ 9ನ್ನು ಮೀರಿತು. ಆದರೆ ಉಗ್ರಾಣಗಳಲ್ಲಿ ಕಾಳು ಇದ್ದಿತು. ಸುಮಾರು 80 ಕೋಟಿ ಜನರಿಗೆ ತಿಂಗಳಿಗೆ 5 ಕಿಲೋದಂತೆ ಧರ್ಮಾರ್ಥ ಹಂಚಿದರು. ಅಂತಹ ಸಾಲವನ್ನು ನಾನು ಹಳಿಯಲಾರೆ. ರಾಜ್ಯಗಳಿಗೆ ಜಿ.ಎಸ್.ಟಿ. ಪರಿಹಾರ ಕೊಡುವ ಸಲುವಾಗಿ ಎರಡು ವರ್ಷಗಳಲ್ಲಿ 2.69 ಲಕ್ಷ ಕೋಟಿ ರೂಪಾಯಿ ಸಾಲ ಎತ್ತಿ, ಅದನ್ನು ತೀರಿಸಲು 2022ರ ಜೂನಿಗೆ ಮುಗಿಯಬೇಕಾಗಿದ್ದ ಸೆಸ್ಸನ್ನು 2026ರ ಮಾರ್ಚಿನವರೆಗೆ ಬೆಳೆಸಲು ನಿರ್ಣಯಿಸಿದರು. ಕಹಿಯಾದರೂ ಇದು ಬಹಿರಂಗವಾಗಿ ಹಾಕಿದ ಕರವು. ತುಟ್ಟಿಯ ಗುಪ್ತ ಕರವು ಮಾತ್ರ ಆಗಲೂ ತಪ್ಪಲಿಲ್ಲ: 2022ರ ಏಪ್ರಿಲಿನಲ್ಲಿ ಬೆಲೆಗಳು ಹಿಂದಿನ ವರ್ಷಕ್ಕಿಂತ ನೂರಕ್ಕೆ 7.79 ಏರಿದ್ದವು. ಉಕ್ರೇನಿನಲ್ಲಿ ಯುದ್ಧವು ಹುಟ್ಟಿ, ಇಂಡೋನೇಷ್ಯವು ತಾಳೆ ಎಣ್ಣೆಯನ್ನು ತಡೆದ ಕೂಡಲೇ ಗದಗಿನ ಅಡಿಗೆಮನೆಯಲ್ಲಿ ಒಗ್ಗರಣೆಯ ಸಪ್ಪಳವು ಕಡಿಮೆಯಾಯಿತು. ಸೂರ್ಯಕಾಂತಿಗೂ ಶೇಂಗಾಕ್ಕೂ ಹೆಸರಾದ ನೆಲದಲ್ಲಿ ಹೀಗಾದದ್ದು, ದೇಶವು ತನ್ನ ಅಡಿಗೆ ಎಣ್ಣೆಯ ಅರ್ಧಕ್ಕಿಂತ ಹೆಚ್ಚನ್ನು ಹೊರಗಿನಿಂದ ತರುವ ಚಟವನ್ನು ಅಂಟಿಸಿಕೊಂಡದ್ದರ ಫಲ.

ಉಪಾಧ್ಯಾಯ ಬಂಧುಗಳಲ್ಲಿ ನನ್ನದೊಂದು ಬಿನ್ನಹವಿರುತ್ತದೆ. 2022ರಲ್ಲಿ ಧಾರಣೆಯನ್ನು ಅಳೆದ ಸೂಚ್ಯಂಕವು 2012ನ್ನು ಆಧಾರವಾಗಿಟ್ಟುಕೊಂಡದ್ದಾಗಿತ್ತು. ತಮ್ಮ ಊರಿನ ಸಂತೆಯು ಅದರಲ್ಲಿ ಎಷ್ಟು ಕಾಣಿಸಿತೋ ಹೇಳಲಾರೆ. ಸಂತೆಯ ಮಾರನೆಯ ದಿನ ಜೋಳ, ತೊಗರಿಬೇಳೆ, ಎಣ್ಣೆ, ಉಪ್ಪು, ಬೆಲ್ಲ, ಈ ಐದರ ಧಾರಣೆಯನ್ನು ಮೇಲಿನ ತರಗತಿಯ ಹುಡುಗರಿಂದ ಒಂದು ವಹಿಯಲ್ಲಿ ಬರೆಯಿಸಿರಿ; ತಾರೀಖು ಹಾಕಿಸಿ ತಾವು ಸಹಿ ಮಾಡಿರಿ. ಸಂಬಳದ ಅರ್ಜಿಗಾಗಲಿ ಬೆಂಬಲ ಬೆಲೆಯ ಅರ್ಜಿಗಾಗಲಿ ದಾಖಲೆ ಬೇಕಾದಾಗ ಆ ವಹಿಯನ್ನು ನನ್ನ ಬಳಿಗೆ ತನ್ನಿರಿ. ಅರ್ಜಿಯನ್ನು ಫೀಯಿಲ್ಲದೆ ಬರೆದುಕೊಡುವೆನು.